ಕೋವಿಯ ಒಳಗನ್ನೂ ಪರೀಕ್ಷಿಸಿ

ಚುನಾವಣೆ ಘೋಷಣೆಯಾದ ಕೂಡಲೇ ಪರವಾನಗಿ ಕೋವಿಗಳನ್ನು ಠಾಣೆಗೆ ಒಪ್ಪಿಸುವಂತೆ ಜಿಲ್ಲಾಡಳಿತ ಸೂಚಿಸುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆ ಹಂದಿ ಕಾಟಕ್ಕೆಂದು ತಾತಂದಿರು ಕೊಂಡಿದ್ದ ಒಂಟಿ ನಳಿಗೆ, ಜೋಡಿ ನಳಿಗೆಗಳೂ ಆಗ ಅಟ್ಟದಿಂದ ಇಳಿಯುತ್ತವೆ. ಪೊಲೀಸರು ನಂಬರನ್ನು ಪರವಾನಗಿ ಪುಸ್ತಕದೊಂದಿಗೆ ತಾಳೆ ನೋಡಿ ರಸೀದಿ ಕೊಡುತ್ತಾರೆ. ನಳಿಗೆಯೊಳಗೆ ಕಣ್ಣು ಹಾಯಿಸುವ ಹೊಣೆ ಯಾರಿಗೂ ಇಲ್ಲ.

ಅಪಾಯ ಇರುವುದು ಅಲ್ಲಿಯೇ.

12 ಬೋರ್ ಕೋವಿಗೆ 12 ಬೋರ್ ತೋಟಾ ಹಾಕಿದರಾಯಿತು ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಜಾಗದ ಉದ್ದ ಹೆಚ್ಚಾಗಿ 65 ಮಿ.ಮೀ. ಈಗಿನ ತೋಟಾಗಳು ಹೆಚ್ಚಾಗಿ 70 ಅಥವಾ 76 ಮಿ.ಮೀ. ಈ ಅಳತೆ ಈಡು ಹಾರಿದ ನಂತರದ್ದು. ಬಾಯಿ ಮಡಚಿದ ಹೊಸ ತೋಟಾ ಗಿಡ್ಡಗಿರುವುದರಿಂದ ಹಳೆಯ ಕೋವಿಯಲ್ಲೂ ಸಲೀಸಾಗಿ ಕೂರುತ್ತದೆ. ಈಡು ಹಾರಿದಾಗ ಮಡಿಕೆ ಬಿಚ್ಚಿಕೊಂಡು ನಳಿಗೆಯ ದಾರಿಯನ್ನೇ ಕಿರಿದಾಗಿಸುತ್ತದೆ, ಹಿಂದೆ ಒತ್ತಡ ಏರುತ್ತದೆ. ಇನ್ನೂ ಕೆಟ್ಟದ್ದು ಇದಕ್ಕಿಂತ ಸಪೂರವಾದ 20 ಬೋರ್ ತೋಟಾ. ಅದು 12 ಬೋರ್ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿಯಿದೆಯೆಂದು ಹಿಂದಿನಿಂದ ಇನ್ನೊಂದು ತೋಟಾ ಹಾಕಿ ಕುದುರೆ ಎಳೆದರೆ ನಳಿಗೆ ಸೀಳುತ್ತದೆ, ಅದನ್ನು ಹಿಡಿದ ಎಡಗೈ ಉಳಿಯುವುದು ಕಷ್ಟ. ಅಮೆರಿಕದಲ್ಲಿ 20 ಬೋರ್ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದೇ ಈ ಕಾರಣಕ್ಕೆ.

ಕರಿಮದ್ದಿನ ನಾಡಕೋವಿಗೆ ತೋಟಾ ಬಿಚ್ಚಿ ತೆಗೆದ ಹೊಗೆರಹಿತ ಮದ್ದನ್ನು ತುಂಬುವುದಂತೂ ಸಾವಿಗೆ ಆಹ್ವಾನ.

ರೈಫಲ್‌ಗಳಲ್ಲಿ ತಪ್ಪಿಗೆ ಇನ್ನೂ ಕಡಿಮೆ ಅವಕಾಶ. 12 ಬೋರ್‌ನ ಸಾಮಾನ್ಯ ತೋಟಾಕ್ಕೆ ಅಮೆರಿಕದ ಮಾನದಂಡ ನಿಗದಿ ಮಾಡಿರುವ ಮಿತಿ ಚದರ ಇಂಚಿಗೆ 11,500 ಪೌಂಡ್ ಒತ್ತಡ. .308 ರೈಫಲ್ ತೋಟಾದಲ್ಲಿ ಅದು 62,000. ಭಾರತ 1960ರ ದಶಕದಲ್ಲಿ .303 ರೈಫಲ್‌ನ ವಿನ್ಯಾಸವನ್ನೇ .308ಕ್ಕೆ ಹತ್ತಿರದ 7.62 ಮಿ.ಮೀ. ಗುಂಡಿಗೆ ಒಗ್ಗಿಸಿಕೊಂಡಾಗ, ಇಷಾಪುರದ ಕಾರ್ಖಾನೆ ಇನ್ನೂ ಗಟ್ಟಿಯಾದ ಉಕ್ಕು ಬಳಸಬೇಕಾಯಿತು. ಕಾರ್ಖಾನೆಯೇ ಅಷ್ಟು ಎಚ್ಚರ ವಹಿಸಿದ್ದನ್ನು ಊರಿನ ಕಮ್ಮಾರಸಾಲೆಯಲ್ಲಿ ಅಂದಾಜಿಗೆ ಬಿಡಲಾಗದು.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯ ಮಾತಿದೆ. ಅದೇ ಕಾಳಜಿ ಹಳೆಯ ಕೋವಿಗಳಿಗೂ ಸಲ್ಲಬೇಕು. ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಬಂದೂಕು ಬಿಚ್ಚಿ ಜೋಡಿಸಬಲ್ಲ ಪರಿಣತರಿದ್ದಾರೆ. ಠೇವಣಿಗೆ ಬಂದ ಪ್ರತಿ ಕೋವಿಯ ನಳಿಗೆಯಲ್ಲಿ ತುಕ್ಕು, ಉಬ್ಬು, ಕಣಜದ ಗೂಡು ಇದೆಯೇ ಎಂದು ಅವರು ನೋಡಲಿ. ತೋಟಾ ಕೂರುವ ಜಾಗದ ಉದ್ದವನ್ನು ಅಳೆದು ಪರವಾನಗಿ ಪುಸ್ತಕದಲ್ಲಿ ಬರೆಯಲಿ, ಅಂಗಡಿಯವರು ಅದನ್ನು ನೋಡಿಯೇ ತೋಟಾ ಕೊಡಲಿ.