ಸ್ಟೆಂಟ್ ಹಾಕಿದ ಮೇಲಿನ ಲೆಕ್ಕ

ಸರ್ಕಾರದ ದುಡ್ಡಿನಲ್ಲಿ ಸ್ಟೆಂಟ್, ಬೈಪಾಸ್ ಮಾಡುವ ಆಸ್ಪತ್ರೆಗಳು ರೋಗಿ ಒಂದು ವರ್ಷದ ನಂತರ ಹೇಗಿದ್ದಾನೆಂದೂ ಬರೆದಿಟ್ಟು ಪ್ರಕಟಿಸಬೇಕು ಎಂಬ ಮಾತಿಗೆ ಮಲೆನಾಡಿನ ನಮ್ಮ ಮೇಗುಂದದ ಕಡೆಯೂ ವಿರೋಧವಿದೆ.

"ಸ್ಟೆಂಟ್ ಹಾಕಿಸಿಕೊಂಡವರು ಓಡಾಡಿಕೊಂಡಿದ್ದಾರಲ್ಲ, ಇನ್ನೇನು ಪುರಾವೆ?" ಎನ್ನುತ್ತಾರೆ. ಹೃದಯಾಘಾತದ ಹೊತ್ತಿನಲ್ಲಿ ಮುಚ್ಚಿದ ರಕ್ತನಾಳ ತೆರೆದರೆ ಜೀವ ಉಳಿಯುತ್ತದೆ, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು ಗುಡ್ಡ ಹತ್ತಿದಾಗ ಎದೆ ಹಿಡಿಯುತ್ತದೆ ಎಂದು ಬಂದವರಿಗೆ ಹಾಕುವ ಸ್ಟೆಂಟಿನ ಬಗ್ಗೆ. ಬ್ರಿಟನ್ನಿನ ಆರ್ಬಿಟಾ ಅಧ್ಯಯನದಲ್ಲಿ (2017) ಅಂಥ 200 ಮಂದಿಗೆ ಮೊದಲು ಮಾತ್ರೆಗಳನ್ನು ಸರಿಪಡಿಸಿ, ಬಳಿಕ ಕ್ಯಾಥ್‌ಲ್ಯಾಬಿನಲ್ಲಿ ಮಲಗಿಸಿದರು. ಕಿವಿಗೆ ಹೆಡ್‌ಫೋನ್, ಮಂಪರಿನ ಮದ್ದು. ಸುಮಾರು ಅರ್ಧ ಜನಕ್ಕೆ ಸ್ಟೆಂಟ್, ಉಳಿದವರಿಗೆ ಹಾಕಿದಂತೆ ನಟನೆ. ಆರು ವಾರದ ಮೇಲೆ ಟ್ರೆಡ್‌ಮಿಲ್ಲಿನಲ್ಲಿ ಎರಡು ಗುಂಪಿನ ಸುಧಾರಣೆಯ ನಡುವೆ ಕಂಡ ಅಂತರ 16.6 ಸೆಕೆಂಡು, ಸಂಖ್ಯಾಶಾಸ್ತ್ರ ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು. 2023ರಲ್ಲಿ ಅದೇ ತಂಡ ಎದೆನೋವಿನ ಮಾತ್ರೆ ನಿಲ್ಲಿಸಿದ 301 ಮಂದಿಯನ್ನು ಪರೀಕ್ಷಿಸಿದಾಗ ಸ್ಟೆಂಟಿನಿಂದ ನೋವು ತಗ್ಗಿತು. ಯಾರಿಗೆ ಪ್ರಯೋಜನ ಎನ್ನುವುದು ಅಳೆದದ್ದರಿಂದ ತಿಳಿಯಿತೇ ಹೊರತು "ನಮ್ಮ ಭಾವನಿಗೆ ಗುಣವಾಯ್ತು" ಎಂಬ ಮಾತಿನಿಂದಲ್ಲ.

"ವಿದೇಶದ ಲೆಕ್ಕ ನಮಗೇಕೆ?" ಒಪ್ಪಿದೆ, ನಮ್ಮದೇ ಬರೆಯೋಣ. ಆಸ್ಪತ್ರೆ ಬಾಗಿಲು ಮುಟ್ಟಿದ 90 ನಿಮಿಷದೊಳಗೆ ರಕ್ತನಾಳ ತೆರೆಯಬೇಕೆಂಬುದು ವೈದ್ಯರ ಮಾನದಂಡ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೊರಟವನಿಗೆ ಆ ಬಾಗಿಲು ಮುಟ್ಟುವ ಮೊದಲೇ ಅಷ್ಟು ಹೊತ್ತು ದಾರಿಯಲ್ಲಿ ಕಳೆದಿರುತ್ತದೆ. 2023ರಲ್ಲಿ ಘೋಷಣೆಯಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಮಟ್ಟದಲ್ಲೇ ಇಸಿಜಿ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡಲು ಹೊರಟಿದ್ದು ಇದಕ್ಕೇ. ನೋವು ಶುರುವಾದ ಹೊತ್ತು, ಚುಚ್ಚುಮದ್ದಿನ ಹೊತ್ತು, ವರ್ಷದ ಬಳಿಕ ಕೊನೆಗಾರ ಅಡಿಕೆ ಮರ ಹತ್ತುತ್ತಿದ್ದಾನೋ ಇಲ್ಲವೋ: ಈ ಮೂರನ್ನೂ ಒಂದೇ ಕಡೆ ಬರೆದರೆ ನಮಗೆ ಬೇಕಾದ ಲೆಕ್ಕ ಸಿಗುತ್ತದೆ.

"ಫಲಿತಾಂಶ ಪ್ರಕಟಿಸಿದರೆ ವೈದ್ಯರು ಕಷ್ಟದ ರೋಗಿಗಳನ್ನು ಮುಟ್ಟುವುದಿಲ್ಲ." ಈ ಭಯ ಸುಳ್ಳಲ್ಲ. ನ್ಯೂಯಾರ್ಕ್ ರಾಜ್ಯ 1989ರಿಂದ ಬೈಪಾಸ್ ಸಾವುಗಳ ಲೆಕ್ಕ ಇಡತೊಡಗಿದಾಗ ಅಲ್ಲೂ ಇದೇ ಕೂಗೆದ್ದಿತ್ತು. ಹಾಗೆಂದು ಅವರು ಲೆಕ್ಕ ನಿಲ್ಲಿಸಲಿಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿಯನ್ನೆಲ್ಲ ತೂಗಿ ಹೋಲಿಸಿದರು. ಮುಂದೆ ಆಂಜಿಯೋಪ್ಲಾಸ್ಟಿಯ (ರಕ್ತನಾಳ ತೆರೆದು ಸ್ಟೆಂಟ್ ಹಾಕುವುದರ) ಪಟ್ಟಿಯಿಂದ ರಕ್ತದೊತ್ತಡ ಕುಸಿದು ಬಂದವರನ್ನು ಹೊರಗಿಟ್ಟರು. 1989ರಿಂದ 1992ರ ನಡುವೆ ಹೀಗೆ ತೂಗಿ ನೋಡಿದ ಬೈಪಾಸ್ ಸಾವಿನ ಪ್ರಮಾಣ ಶೇ. 41ರಷ್ಟು ಇಳಿಯಿತು. ಅದರಲ್ಲಿ ಪ್ರಕಟಣೆಯ ಪಾಲೆಷ್ಟು ಎಂದು ವಿದ್ವಾಂಸರು ಜಗಳವಾಡುತ್ತಾರೆ, ಆಡಲಿ.

"ಖಾಸಗಿತನ?" ಹೆಸರು ತೆಗೆದರಷ್ಟೇ ಸಾಲದು. ನಮ್ಮಂಥ ಚಿಕ್ಕ ಊರಿನಲ್ಲಿ ವಯಸ್ಸು, ಊರು, ಬೈಪಾಸ್ ಎಂದರೆ ಯಾರೆಂದು ಕಿರಾಣಿ ಅಂಗಡಿಯಲ್ಲಿ ಗೊತ್ತಾಗಿಬಿಡುತ್ತದೆ. ಹಾಗಾಗಿ ಪ್ರಕಟವಾಗುವುದು ಜಿಲ್ಲೆಯ ಮೊತ್ತ ಮಾತ್ರ ಇರಲಿ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಿಲ್ ಕಟ್ಟುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್, ಆಸ್ಪತ್ರೆಗಳೊಂದಿಗಿನ ಒಪ್ಪಂದದಲ್ಲಿ ವರ್ಷದ ನಂತರದ ವರದಿಯನ್ನು ಷರತ್ತಾಗಿ ಸೇರಿಸಲಿ. ಓದುಗರು ತಮ್ಮ ಶಾಸಕರನ್ನು ಇದನ್ನೇ ಕೇಳಬೇಕು.