ಮನಿಲಾದಲ್ಲಿ ನಾವೆಲ್ಲ ‘ಬುಂಬಾಯ್’

ಫಿಲಿಪ್ಪೀನ್ಸ್‌ನಲ್ಲಿ ನೆಲೆಸುವ ಭಾರತೀಯ ಯಾವ ರಾಜ್ಯದವನಾದರೂ ಸ್ಥಳೀಯರ ಬಾಯಲ್ಲಿ ‘ಬುಂಬಾಯ್’. ಬಾಂಬೆಯಿಂದ ಹುಟ್ಟಿದ ಈ ಪದಕ್ಕೆ, ಬೈಕಿನಲ್ಲಿ ಸಂತೆ ಸುತ್ತಿ ಐದು ಪೆಸೊ ಕೊಟ್ಟು ಆರು ವಸೂಲು ಮಾಡುವ ಪಂಜಾಬಿ ಲೇವಾದೇವಿಗಾರರ ನೆರಳು ಅಂಟಿದೆ. ಹಠಮಾರಿ ಮಕ್ಕಳನ್ನು ಹೆದರಿಸಲೂ ಇದೇ ಹೆಸರು! 2017ರಲ್ಲಿ ಅಧ್ಯಕ್ಷ ಡುಟರ್ಟೆ ಈ ದಂಧೆಯ ವಿರುದ್ಧ ಗುಡುಗಿದರು. ಸರ್ಕಾರವೇ ಅಗ್ಗದ ಸಾಲ ಯೋಜನೆಯನ್ನೂ ತಂದಿತು.

ಹೆಸರಿಗೆ ನೊಂದುಕೊಳ್ಳುವ ನಮ್ಮವರು ಇಂಗ್ಲಿಷೊಂದರಲ್ಲೇ ದಿನ ದೂಡುವುದುಂಟು. ಅದು ಅಲ್ಲಿ ಅಧಿಕೃತ ಭಾಷೆ, ನಿಜ. ಆದರೆ ಹಿರಿಯರೊಡನೆ ಮಾತಿಗೆ ಸೇರಿಸುವ ‘ಪೊ’ ಎಂಬ ಗೌರವಸೂಚಕ ಇಂಗ್ಲಿಷಿನಲ್ಲಿಲ್ಲ. ‘ನೀನು’, ‘ನೀವು’ಗಳ ಅಂತರ ಬಲ್ಲ ಕನ್ನಡಿಗನಿಗೆ ಅದೇನು ಕಷ್ಟ? ‘ಪೊ’ ಎನ್ನುತ್ತ ತರಕಾರಿ ಕೊಳ್ಳುವವನಿಗೆ, ಅಡಮಾನವಿಲ್ಲದೆ ಬ್ಯಾಂಕಿನಿಂದ ಬರಿಗೈಯಲ್ಲಿ ಮರಳಿದ ಆ ವ್ಯಾಪಾರಿ ಬುಂಬಾಯ್‌ನ ಬೈಕಿಗೆ ಏಕೆ ಕಾಯುತ್ತಾಳೆಂಬುದೂ ತಿಳಿದೀತು.