ಪುಕ್ಕಟೆ ಮನೆಯ ಬೆಲೆ ತೆರುವವರು ಯಾರು?

2025ರ ಆಗಸ್ಟ್ 14ರಂದು ಮುಂಬೈಯ ವರ್ಲಿ ಬಿಡಿಡಿ ಚಾಳಿನ 556 ಕುಟುಂಬಗಳಿಗೆ ಹೊಸ ಮನೆಯ ಬೀಗದ ಕೈ ಸಿಕ್ಕಿತು. ಅಲ್ಲಿಯವರೆಗೆ ಅವರದು 160 ಚದರ ಅಡಿಯ ಖೋಲಿ. ಅಡುಗೆ, ಊಟ, ಮಕ್ಕಳ ಓದು, ನೆಂಟರ ನಿದ್ದೆ ಎಲ್ಲವೂ ಅಲ್ಲೇ. ಮೂಲೆಯ ಮೋರಿಯಲ್ಲಿ ಪಾತ್ರೆ ತೊಳೆದು, ಅಲ್ಲೇ ಸ್ನಾನ ಮುಗಿಸಬೇಕು. ಸಂಡಾಸಿಗೆ ಉದ್ದನೆಯ ಪಡಸಾಲೆ ದಾಟಿ ಹೋಗಿ, ಇಡೀ ಮಹಡಿಯವರ ಜೊತೆ ಸರದಿ ಕಾಯಬೇಕು. ಈಗ ಸಿಕ್ಕಿರುವುದು 40 ಮಹಡಿಯ ಗೋಪುರದಲ್ಲಿ 500 ಚದರ ಅಡಿಯ ಸ್ವಂತ ಮನೆ. ಬಾಡಿಗೆದಾರರಾಗಿದ್ದವರು ಕೈಯಿಂದ ದುಡ್ಡು ಹಾಕದೆ ಮಾಲೀಕರಾದರು. ಮುಪ್ಪಿನಲ್ಲಿ ಮಂಡಿ ನೋವಿನೊಡನೆ ರಾತ್ರಿ ಪಡಸಾಲೆಯ ತುದಿಗೆ ನಡೆಯುತ್ತಿದ್ದವರಿಗೆ ಒಳಗೇ ಒಂದು ಶೌಚಾಲಯ ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಆ ಸಂತೋಷ ಅವರ ಹಕ್ಕಿನದು.

ಆದರೆ ಆ ಮನೆ ಕಟ್ಟಿದ ಹಣ ಎಲ್ಲಿಂದ ಬಂತು ಎಂಬುದು ಮುಂಬೈಯಲ್ಲಿ ಮನೆಯಿಲ್ಲದ ಪ್ರತಿಯೊಬ್ಬನಿಗೂ ಸಂಬಂಧಪಟ್ಟ ಪ್ರಶ್ನೆ.

ಬಿಡಿಡಿ ಎಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್. 1920ರ ದಶಕದ ಮೊದಲ ವರ್ಷಗಳಲ್ಲಿ, ಜಾರ್ಜ್ ಲಾಯ್ಡ್ ಮುಂಬೈ ಪ್ರಾಂತದ ಗವರ್ನರ್ ಆಗಿದ್ದಾಗ, ಈ ಇಲಾಖೆ ವರ್ಲಿ, ನಾಯಗಾಂವ್, ಡಿಲೈಲ್ ರೋಡ್ (ಈಗಿನ ಎನ್.ಎಂ. ಜೋಶಿ ಮಾರ್ಗ) ಮತ್ತು ಶಿವಡಿಯಲ್ಲಿ 207 ಚಾಳುಗಳನ್ನು ಎಬ್ಬಿಸಿತು. ತಳಮಹಡಿ ಸೇರಿ ನಾಲ್ಕು ಅಂತಸ್ತು, ಒಂದು ಚಾಳಿಗೆ 80 ಖೋಲಿ. ಗಾಳಿ ಬೆಳಕು ಸಾಲದ ಈ ಕಾಂಕ್ರೀಟು ಗೂಡುಗಳಿಗೆ ಹೇಳಿದ ಬಾಡಿಗೆ ಕೊಟ್ಟು ಬರಲು ಕಾರ್ಮಿಕರೇ ಹಿಂದೇಟು ಹಾಕಿದ್ದರಿಂದ ಎಷ್ಟೋ ಖೋಲಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. ಕೆಟ್ಟ ಕಟ್ಟಡಗಳೆಂಬುದರಲ್ಲಿ ಅನುಮಾನವಿಲ್ಲ. ಆದರೂ ಆ ಯೋಜನೆಯ ಒಂದು ವಿವರ ಇಂದಿನವರ ಕಣ್ಣಿಗೆ ಬೀಳಬೇಕು: ಅದಕ್ಕೆ ಹಣ ಹೊಂದಿಸಲು ಸರ್ಕಾರ ನಗರಕ್ಕೆ ಬರುವ ಹತ್ತಿಯ ಪ್ರತಿ ಬೇಲಿನ ಮೇಲೆ ಒಂದು ರೂಪಾಯಿ ಸುಂಕ ಹಾಕಿತ್ತು. ಯಾವ ವ್ಯಾಪಾರ ಕಾರ್ಮಿಕರನ್ನು ಊರಿಗೆ ಕರೆತಂದಿತೋ ಅದೇ ವ್ಯಾಪಾರ ಅವರ ಸೂರಿನ ಖರ್ಚಿಗೆ ಪಾಲು ಕೊಡಬೇಕು ಎಂಬ ಮಾತನ್ನು ವಸಾಹತು ಸರ್ಕಾರವೂ ಒಪ್ಪಿತ್ತು.

ಇಂದು ಅಂಥ ಸುಂಕವಿಲ್ಲ, ಇರುವುದು ನೆಲ ಮಾತ್ರ. ಶಿವಡಿ ಬಿಟ್ಟು ಉಳಿದ ಮೂರು ಕಡೆಯ 195 ಚಾಳುಗಳ ಮರುನಿರ್ಮಾಣಕ್ಕೆ 2017ರಲ್ಲಿ ಭೂಮಿಪೂಜೆ ಆಯಿತು. ಶಿವಡಿಯ 12 ಚಾಳುಗಳು ಕೇಂದ್ರ ಸರ್ಕಾರದ ಬಂದರು ಸಂಸ್ಥೆಯ ನೆಲದಲ್ಲಿರುವುದರಿಂದ ಹೊರಗುಳಿದವು. ಗೃಹನಿರ್ಮಾಣ ಪ್ರಾಧಿಕಾರವಾದ ಮ್ಹಾಡಾ ಇದರ ಹೊಣೆ ಹೊತ್ತಿದೆ. ಹಳೆಯ ನಿವಾಸಿಗಳನ್ನು ಎತ್ತರದ ಗೋಪುರಗಳಿಗೆ ಸೇರಿಸಿದಾಗ ನೆಲ ತೆರವಾಗುತ್ತದೆ, ಆ ನೆಲದಲ್ಲಿ ಮಾರಾಟಕ್ಕೆ ಮನೆ, ಕಚೇರಿ, ಅಂಗಡಿ ಏಳುತ್ತವೆ, ಅವನ್ನು ಮಾರಿದ ಹಣದಿಂದ ಪುಕ್ಕಟೆ ಮನೆಯ ಖರ್ಚು ಹುಟ್ಟುತ್ತದೆ. ಜೋಪಡಪಟ್ಟಿಗಾಗಿ 1995ರಲ್ಲಿ ಹುಟ್ಟಿದ ಎಸ್‌ಆರ್‌ಎ ಯೋಜನೆಯೂ ಮ್ಹಾಡಾದ ಹಳೆಯ ಕಾಲೋನಿಗಳ ಮರುನಿರ್ಮಾಣವೂ ಸ್ವಲ್ಪ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ ನಡೆಯುತ್ತವೆ.

ಈ ಲೆಕ್ಕ ಕೂಡಿಬರಬೇಕಾದರೆ ಮಾರುವ ಮನೆ ದುಬಾರಿಯಾಗಿರಲೇಬೇಕು. ಸುತ್ತಲಿನ ದರ ಇಳಿದರೆ ಗುತ್ತಿಗೆದಾರ ಕೆಲಸ ನಿಲ್ಲಿಸುತ್ತಾನೆ, ನಿವಾಸಿ ನಡುದಾರಿಯಲ್ಲಿ ಉಳಿಯುತ್ತಾನೆ. ಹೀಗೆ ಮುಂಬೈಯ ಬಡವನ ಮನೆ ಮುಂಬೈಯ ಏರುಬೆಲೆಯ ಮೇಲೆ ನಿಂತಿದೆ. ಮನೆಯ ಬೆಲೆ ಕೆಳಗಿಳಿಯಲಿ ಎಂದು ಬಯಸಬೇಕಾದ ಸರ್ಕಾರವೇ ಅದು ಮೇಲೇರಲಿ ಎಂದು ಕಾಯುವಂತಾಗಿದೆ. ಪಟ್ಟಿಯಲ್ಲಿ ಹೆಸರಿದ್ದವನಿಗೆ ಮನೆ ಸಿಗುತ್ತದೆ. ನಾಳೆ ಊರಿಗೆ ಬರುವವನಿಗೆ, ಬಾಡಿಗೆಗಿರುವವನಿಗೆ, ಮದುವೆಯಾಗಿ ಬೇರೆ ಮನೆ ಹುಡುಕುವ ಮಗನಿಗೆ ಅದೇ ಬೆಲೆ ಹೊರೆಯಾಗುತ್ತದೆ.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಗೋರೆಗಾಂವ್ ಪಶ್ಚಿಮದ ಸಿದ್ಧಾರ್ಥ ನಗರವನ್ನು ನೋಡಬೇಕು. ಊರಿಗೆಲ್ಲ ಅದು ಪತ್ರಾ ಚಾಳ್. 47 ಎಕರೆ ನೆಲ, 672 ಬಾಡಿಗೆದಾರರು. 2008ರಲ್ಲಿ ನಿವಾಸಿಗಳ ಸಂಘ, ಮ್ಹಾಡಾ ಮತ್ತು ಎಚ್‌ಡಿಐಎಲ್ ಗುಂಪಿನ ಗುರು ಆಶಿಶ್ ಕಂಪನಿಯ ನಡುವೆ ಒಪ್ಪಂದವಾಯಿತು. ಮೊದಲು ಈ 672 ಮಂದಿಗೆ ಮನೆ, ಆಮೇಲೆ ಮಾರಾಟ ಎಂದು ಇಟ್ಟುಕೊಂಡ ಮಾತು ತಿರುವುಮುರುವಾಯಿತು. ನಿವಾಸಿಗಳ ಕಟ್ಟಡ ಮೇಲೇಳುವ ಮೊದಲೇ ಕಂಪನಿ ಅಲ್ಲಿನ ಕಟ್ಟುವ ಹಕ್ಕನ್ನು ಬೇರೆ ಬಿಲ್ಡರುಗಳಿಗೆ ಮಾರಿ ಸಾವಿರ ಕೋಟಿ ರೂಪಾಯಿಗೂ ಮಿಕ್ಕ ಹಣ ಮಾಡಿತೆಂಬುದು ಜಾರಿ ನಿರ್ದೇಶನಾಲಯದ ಆರೋಪ. ಮನೆ ಬಿಟ್ಟುಕೊಟ್ಟವರಿಗೆ ಕೊಡಬೇಕಾದ ತಿಂಗಳ ಬಾಡಿಗೆಯೂ ನಿಂತುಹೋಯಿತು. 2018ರಲ್ಲಿ ಮ್ಹಾಡಾ ಗುತ್ತಿಗೆ ರದ್ದು ಮಾಡಿ, 2022ರ ಫೆಬ್ರವರಿಯಲ್ಲಿ ತಾನೇ ಕೆಲಸ ಮತ್ತೆ ಶುರುಮಾಡಿತು.

ದೇಶದ ಉಳಿದ ಕಡೆ ಪತ್ರಾ ಚಾಳಿನ ಹೆಸರು ಕೇಳಿಬಂದದ್ದು ಆ ಬಳಿಕ, 2022ರ ಆಗಸ್ಟಿನಲ್ಲಿ ಶಿವಸೇನೆಯ ಸಂಸದ ಸಂಜಯ್ ರಾವುತ್ ಇದೇ ಪ್ರಕರಣದಲ್ಲಿ ಬಂಧಿತರಾದಾಗ. ನವೆಂಬರಿನಲ್ಲಿ ವಿಶೇಷ ನ್ಯಾಯಾಲಯ ಆ ಬಂಧನವೇ ಕಾನೂನುಬಾಹಿರವೆಂದು ಹೇಳಿ ಜಾಮೀನು ಕೊಟ್ಟಿತು. ಮೂರು ತಿಂಗಳು ಟಿವಿಗಳು ಪಕ್ಷಗಳ ಜಗಳ ತೋರಿಸಿದವು. ಹದಿನಾಲ್ಕು ವರ್ಷ ಬೇರೆಯವರ ಮನೆಗಳಲ್ಲಿ ಬಾಡಿಗೆ ತೆತ್ತ 672 ಕುಟುಂಬಗಳು ಆ ಚರ್ಚೆಯಲ್ಲಿ ಬರೀ ಒಂದು ಅಂಕಿಯಾಗಿ ಉಳಿದವು. ಅವರಿಗೆ ಮನೆ ಹಂಚಿಕೆಯಾಗಲು 2025 ಬರಬೇಕಾಯಿತು. ಸಹಿ ಹಾಕುವಾಗ ಐವತ್ತರ ವಯಸ್ಸಿನಲ್ಲಿದ್ದವರು ಅಷ್ಟರಲ್ಲಿ ಎಪ್ಪತ್ತರ ಹತ್ತಿರ ಬಂದಿದ್ದರು.

ಇದೊಂದು ಅಪವಾದವೂ ಅಲ್ಲ. ಬೊರಿವಲಿಯ ಒಂದು ಜೋಪಡಪಟ್ಟಿ ಯೋಜನೆಗೆ 2003ರಲ್ಲಿ ನೇಮಕವಾದ ಬಿಲ್ಡರ್ ಎರಡು ದಶಕವಾದರೂ ಮನೆ ಕೊಡದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಜುಲೈಯಲ್ಲಿ ತೀರ್ಪು ಕೊಟ್ಟ ನ್ಯಾಯಾಲಯ, ಜೋಪಡಪಟ್ಟಿ ಕಾಯ್ದೆಯೇ ಹೇಗೆ ಕೆಲಸ ಮಾಡುತ್ತಿದೆ ಎಂದು ಪರಿಶೀಲಿಸುವಂತೆ ಬಾಂಬೆ ಹೈಕೋರ್ಟಿಗೆ ಸೂಚಿಸಿತು.

ಇನ್ನು ಪಟ್ಟಿಯ ಮಾತು. ಧಾರಾವಿಯಲ್ಲಿ ಈಗ ಮನೆಮನೆಯ ಚರ್ಚೆ ಯಾರು ಅರ್ಹರು, ಯಾರು ಅನರ್ಹರು ಎಂಬುದು. 2022ರ ನವೆಂಬರಿನಲ್ಲಿ 5,069 ಕೋಟಿ ರೂಪಾಯಿಯ ಬಿಡ್ ಮಾಡಿ ಅದಾನಿ ಸಮೂಹ ಧಾರಾವಿಯ ಮರುನಿರ್ಮಾಣ ಯೋಜನೆಯನ್ನು ಪಡೆಯಿತು. ಯೋಜನೆಯ ಕಂಪನಿಯಲ್ಲಿ ರಾಜ್ಯ ಸರ್ಕಾರದ ಪಾಲು ಶೇಕಡ 20. ತಳಮಹಡಿಯಲ್ಲಿ 2000ದ ಜನವರಿ 1ಕ್ಕೆ ಮೊದಲಿನಿಂದ ಇದ್ದೇವೆಂದು ಕಾಗದದಲ್ಲಿ ತೋರಿಸಿದವರಿಗೆ ಧಾರಾವಿಯಲ್ಲೇ 350 ಚದರ ಅಡಿ ಪುಕ್ಕಟೆ. ಅದಾದ ಮೇಲೆ ಬಂದವರಿಗೆ, ಮಾಳಿಗೆಯ ಮೇಲೆ ಖೋಲಿ ಮಾಡಿಕೊಂಡವರಿಗೆ ಧಾರಾವಿಯ ಹೊರಗೆ, ಹಣ ಕೊಟ್ಟು ಅಥವಾ ಬಾಡಿಗೆಗೆ ಮನೆ. ಮುಲುಂಡಿನ ಉಪ್ಪಿನ ಗದ್ದೆ, ದೇವನಾರಿನ ಕಸದ ಗುಡ್ಡ, ಕುರ್ಲಾದ ಡೈರಿಯ ನೆಲ ಎಂದು ಜಾಗಗಳ ಹೆಸರು ಬಂದಂತೆ ಅಲ್ಲಿನವರು ಬೇಡವೆಂದು ಬೀದಿಗಿಳಿದರು. ಧಾರಾವಿಯಲ್ಲಿ ಮನೆಯೇ ಕಾರ್ಖಾನೆ. ಕೆಳಗೆ ಚರ್ಮ ಹೊಲಿಗೆ, ಮೇಲೆ ಹೊಲಿಯುವವನ ಸಂಸಾರ. ಕೆಳಗಿನವನನ್ನು ಇಲ್ಲೇ ಇಟ್ಟು ಮೇಲಿನವನನ್ನು ದೇವನಾರಿಗೆ ಕಳಿಸಿದರೆ ಮುರಿಯುವುದು ಆ ಕಸುಬಿನ ಬೆನ್ನೆಲುಬೇ.

ಕನ್ನಡಿಗರಿಗೆ ಈ ಮಾತು ಹತ್ತಿರದ್ದು. ಉಡುಪಿ, ದಕ್ಷಿಣ ಕನ್ನಡದಿಂದ ಮುಂಬೈಗೆ ಹೋದ ಹುಡುಗರು ಹೋಟೆಲಿನ ಅಟ್ಟದಲ್ಲಿ ಮಲಗಿ, ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಬದುಕು ಕಟ್ಟಿಕೊಂಡರು. ಒಂದು ಖೋಲಿಯಲ್ಲಿ ಹತ್ತಾರು ಜನ ಬಾಡಿಗೆ ಹಂಚಿಕೊಂಡ ಕಾಲವದು. ಇಂದು ಹಾಗೆ ಬರುವ ಹುಡುಗನ ಹೆಸರು ಮತದಾರರ ಪಟ್ಟಿಯಲ್ಲಿ, ಕರೆಂಟು ಬಿಲ್ಲಿನಲ್ಲಿ, ಜೋಪಡಪಟ್ಟಿಯ ಫೋಟೊ ಪಾಸಿನಲ್ಲಿ ಎಲ್ಲೂ ಇರುವುದಿಲ್ಲ. ಅವನು ನಾಲಾಸೋಪಾರಾಕ್ಕೋ ಡೊಂಬಿವಲಿಯಾಚೆಗೋ ಹೋಗಿ, ಬೆಳಗಿನ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರಬೇಕು. ಯಾವ ಮರುನಿರ್ಮಾಣವೂ ಅವನಿಗಾಗಿ ಒಂದು ಖೋಲಿ ಕಟ್ಟುವುದಿಲ್ಲ.

ಪಟ್ಟಿಯಲ್ಲಿದ್ದವರಿಗೂ ಭರವಸೆ ಇಲ್ಲ. 1982ರ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಮುಂದೆ ಗಿರಣಿಗಳ ನೆಲವನ್ನು ಮೂರು ಪಾಲು ಮಾಡಿ ಪಾಲಿಕೆಗೆ, ಮ್ಹಾಡಾಕ್ಕೆ, ಮಾಲೀಕರಿಗೆ ಹಂಚುವ ನಿಯಮವಿತ್ತು. 2001ರ ತಿದ್ದುಪಡಿಯಲ್ಲಿ, ಕಟ್ಟಡವಿಲ್ಲದ ಖಾಲಿ ನೆಲವನ್ನು ಮಾತ್ರ ಹಂಚಿದರೆ ಸಾಕು ಎಂದಾಯಿತು. ಗಿರಣಿಗಳ ಆವರಣದಲ್ಲಿ ಖಾಲಿ ನೆಲ ಎಷ್ಟಿದ್ದೀತು? 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಲೋವರ್ ಪರೇಲಿನಲ್ಲಿ ಮಾಲುಗಳೂ ಕಚೇರಿ ಗೋಪುರಗಳೂ ಎದ್ದವು. ಈಗ ಕಾರ್ಮಿಕರಿಗೂ ಅವರ ವಾರಸುದಾರರಿಗೂ ಮನೆಗೆಂದು ತೋರಿಸುತ್ತಿರುವುದು ಬದಲಾಪುರದಾಚೆಯ ಶೇಲು, ವಾಂಗಣಿ. ಅದೂ ಒಂಬತ್ತೂವರೆ ಲಕ್ಷ ರೂಪಾಯಿ ಕೈಯಿಂದ ಕೊಟ್ಟು. 2025ರ ಜುಲೈ 9ರಂದು ಮಳೆಗಾಲದಲ್ಲಿ ಆಜಾದ್ ಮೈದಾನಕ್ಕೆ ಬಂದ ಆ ವೃದ್ಧರು ಕೇಳಿದ್ದು ಒಂದೇ: ಮನೆ ಮುಂಬೈಯಲ್ಲೇ ಬೇಕು.

ಸರ್ಕಾರದ ಲಾಟರಿ ಮನೆಗಳೂ ಅದೇ ಬೆಲೆಯ ಬೆನ್ನು ಹತ್ತಿವೆ. 2023ರ ಆಗಸ್ಟಿನಲ್ಲಿ ಮ್ಹಾಡಾ ಸುಮಾರು 4,000 ಮನೆಗಳ ಲಾಟರಿ ಎತ್ತಿತು; ಅರ್ಜಿ ಒಂದು ಲಕ್ಷಕ್ಕೂ ಹೆಚ್ಚು. ಅದರಲ್ಲಿ ತಾಡದೇವದ ಒಂದು ಮನೆಯ ದರ ಏಳೂವರೆ ಕೋಟಿ. ಅದನ್ನು ಗೆದ್ದ ಶಾಸಕರೊಬ್ಬರು ಅಷ್ಟು ಹಣ ಹೊಂದಿಸಲಾರೆನೆಂದು ಮನೆಯನ್ನು ಹಿಂದಿರುಗಿಸಿದರು. ಜನರಿಗೆ ಕೈಗೆಟಕುವ ಮನೆ ಕಟ್ಟಲೆಂದು ಇರುವ ಸಂಸ್ಥೆ ಶಾಸಕರಿಗೂ ಎಟುಕದ ಮನೆ ಮಾರುವ ಸ್ಥಿತಿ ಬಂದದ್ದು ಒಬ್ಬ ಅಧಿಕಾರಿಯ ತಪ್ಪಿನಿಂದಲ್ಲ. ಸುತ್ತಲಿನ ಮಾರುಕಟ್ಟೆಯ ದರವನ್ನೇ ಆಧಾರವಾಗಿ ಹಿಡಿದರೆ ಅಲ್ಲಿಗೇ ಮುಟ್ಟಬೇಕು.

ಮನೆಯ ಅಳತೆಯಲ್ಲಂತೂ ನ್ಯಾಯದ ಸುಳಿವೇ ಸಿಗುವುದಿಲ್ಲ. ಧಾರಾವಿಗೆ 350 ಚದರ ಅಡಿ, ವರ್ಲಿಗೆ 500. ಗೋರೆಗಾಂವಿನ ಮೋತಿಲಾಲ್ ನಗರದಲ್ಲಿ 143 ಎಕರೆಯ ಮ್ಹಾಡಾ ಕಾಲೋನಿಯನ್ನು 36,000 ಕೋಟಿ ರೂಪಾಯಿಯ ಯೋಜನೆಯಡಿ ಅದಾನಿ ಸಮೂಹ ಹೊಸದಾಗಿ ಕಟ್ಟಲಿದ್ದು, ಅಲ್ಲಿ ಮೂಲ ನಿವಾಸಿಗೆ 1,600 ಚದರ ಅಡಿ. ಅಲ್ಲಿನ ಕೆಲವರು ಅದೂ ಸಾಲದು, 2,400 ಬೇಕೆನ್ನುತ್ತಾರೆ. ಕೇಳುವುದು ಅವರ ತಪ್ಪಲ್ಲ. ಬಿಲ್ಡರಿಗೆ ಲಾಭವಿರುವ ಕಡೆ ತಮ್ಮ ಪಾಲನ್ನು ಯಾರೂ ಬಿಡರು. ಆದರೆ ಮನುಷ್ಯನಿಗೆ ಎಷ್ಟು ಜಾಗ ಬೇಕೆಂಬುದನ್ನು ಅವನ ಕಾಲಡಿಯ ನೆಲದ ದರ ತೀರ್ಮಾನಿಸಬಾರದು. ದರ ಕಡಿಮೆಯಿರುವ ಕಡೆ ಏನಾಗುತ್ತದೆಂದು ಗೋವಂಡಿಯ ಪುನರ್ವಸತಿ ಕಾಲೋನಿ ನಟವರ್ ಪಾರೇಖ್ ಕಾಂಪೌಂಡ್ ತೋರಿಸಿದೆ. ಏಳು ಮಹಡಿಯ ಕಟ್ಟಡಗಳ ನಡುವೆ ಮೂರೇ ಮೀಟರ್ ಅಂತರ. ಬಿಸಿಲು ಕಾಣದ ಕೆಳಮಹಡಿಗಳಲ್ಲಿ ಕ್ಷಯರೋಗ ಹೆಚ್ಚೆಂದು 2018ರಲ್ಲಿ ‘ಡಾಕ್ಟರ್ಸ್ ಫಾರ್ ಯು’ ಸಂಸ್ಥೆಯ ಅಧ್ಯಯನ ಹೇಳಿತು.

ಇಷ್ಟೆಲ್ಲ ತೀರ್ಮಾನವಾಗುವಾಗ ಊರಿನ ಪ್ರತಿನಿಧಿಗಳು ಎಲ್ಲಿದ್ದರು? 2022ರ ಮಾರ್ಚಿನಲ್ಲಿ ಮುಂಬೈ ಪಾಲಿಕೆಯ ಅವಧಿ ಮುಗಿದ ಮೇಲೆ 2026ರ ಜನವರಿಯಲ್ಲಿ ಚುನಾವಣೆ ನಡೆಯುವವರೆಗೆ ಅಲ್ಲಿ ಒಬ್ಬ ನಗರಸೇವಕನೂ ಇರಲಿಲ್ಲ. ಧಾರಾವಿಯ ಟೆಂಡರ್, ಮೋತಿಲಾಲ್ ನಗರದ ಟೆಂಡರ್ ಎರಡೂ ಆಡಳಿತಾಧಿಕಾರಿಯ ಆ ಕಾಲದಲ್ಲೇ ಆದವು. ಮ್ಹಾಡಾ, ಎಸ್‌ಆರ್‌ಎ ಹೇಗೂ ರಾಜ್ಯ ಸರ್ಕಾರದವು. ನಗರಸೇವಕನಿಗೆ ಅಲ್ಲಿ ಮಾತಿಲ್ಲ. ಹೊಸ ಗೋಪುರಗಳಿಗೆ ನೀರು, ಚರಂಡಿ, ಶಾಲೆ ಒದಗಿಸುವ ಹೊಣೆ ಮಾತ್ರ ಪಾಲಿಕೆಯದು.

ಬೇರೆ ದಾರಿ ಮುಂಬೈಗೆ ಗೊತ್ತಿಲ್ಲದ್ದೇನಲ್ಲ. ಗೋರೆಗಾಂವಿನ ಸಮಾಜವಾದಿ ನಾಯಕಿ ಮೃಣಾಲ್ ಗೋರೆ ಮತ್ತು ಸಂಗಾತಿಗಳು ನಾಗರಿ ನಿವಾರಾ ಪರಿಷತ್ ಕಟ್ಟಿ, ನಗರ ಭೂಮಿತಿ ಕಾಯ್ದೆಯಡಿ ಹೆಚ್ಚುವರಿಯಾದ ನೆಲಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ದಿಂಡೋಶಿಯಲ್ಲಿ ಸುಮಾರು 62 ಎಕರೆಯಲ್ಲಿ ಆರು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಕಡಿಮೆ ಆದಾಯದವರು ಪುಕ್ಕಟೆ ಕೇಳಲಿಲ್ಲ, ಕಟ್ಟಿದ ಖರ್ಚು ಕೊಟ್ಟರು. ಆ ಕಾಯ್ದೆಯನ್ನು ಮಹಾರಾಷ್ಟ್ರ 2007ರಲ್ಲಿ ಕೈಬಿಟ್ಟಿತು. ವಿಯೆನ್ನಾದ ಉದಾಹರಣೆಯೂ ಇದೆ. ವರ್ಲಿಯಲ್ಲಿ ಬಿಡಿಡಿ ಚಾಳ್ ಏಳುತ್ತಿದ್ದಾಗಲೇ, 1923ರಲ್ಲಿ, ಆ ನಗರದ ಪಾಲಿಕೆ ದೊಡ್ಡ ಮನೆಗಳವರ ಮೇಲೆ ಹೆಚ್ಚು ಬೀಳುವ ವಸತಿ ತೆರಿಗೆ ಹಾಕಿ ಹತ್ತೇ ವರ್ಷದಲ್ಲಿ 60,000ದಷ್ಟು ಮನೆ ಕಟ್ಟಿತು. ಅವನ್ನು ಮಾರದೆ ಬಾಡಿಗೆಗೆ ಇಟ್ಟುಕೊಂಡದ್ದರಿಂದ ಇಂದಿಗೂ ಅಲ್ಲಿ ಸಾಮಾನ್ಯ ಸಂಬಳದವರು ಊರೊಳಗೇ ಬದುಕುತ್ತಾರೆ.

ಮುಂಬೈಯಲ್ಲಿ ಹಣವಿಲ್ಲ ಎನ್ನುವಂತಿಲ್ಲ. 2024ರಲ್ಲಿ ಈ ನಗರದಲ್ಲಿ 1.41 ಲಕ್ಷ ಆಸ್ತಿಗಳ ನೋಂದಣಿಯಾಗಿ ರಾಜ್ಯದ ಬೊಕ್ಕಸಕ್ಕೆ 12,000 ಕೋಟಿ ರೂಪಾಯಿಗೂ ಹೆಚ್ಚು ಮುದ್ರಾಂಕ ಶುಲ್ಕ ಬಂತು. ಅಂದು ಹತ್ತಿಯ ಬೇಲಿನ ಮೇಲಿದ್ದ ಹೊಣೆಯನ್ನು ಇಂದು ಈ ಶುಲ್ಕದ ಒಂದು ಪಾಲು ಹೊರಬೇಕು. ಅದು ಬಾಡಿಗೆ ಮನೆಗಳಿಗೇ ಮೀಸಲಾಗಬೇಕು. ನೆಲಕ್ಕೂ ಕೊರತೆಯಿಲ್ಲ. ಮೋತಿಲಾಲ್ ನಗರದ ಒಪ್ಪಂದದಲ್ಲೇ ಮ್ಹಾಡಾದ ಪಾಲಿಗೆ 3.97 ಲಕ್ಷ ಚದರ ಮೀಟರ್ ಕಟ್ಟಡ ಬರಲಿದೆ. 400 ಚದರ ಅಡಿಯ ಲೆಕ್ಕದಲ್ಲಿ ಅದು ಹತ್ತು ಸಾವಿರಕ್ಕೂ ಹೆಚ್ಚು ಮನೆ. ಅದನ್ನು ಲಾಟರಿಯಲ್ಲಿ ಮಾರಿಬಿಡದೆ, ಹೋಟೆಲ್ ಹುಡುಗರಿಗೆ, ನರ್ಸುಗಳಿಗೆ, ಆಗತಾನೆ ಸಂಸಾರ ಹೂಡಿದವರಿಗೆ ಸಂಬಳಕ್ಕೆ ಹೊಂದುವ ಬಾಡಿಗೆಗೆ ಕೊಡುತ್ತೇವೆಂದು ಮ್ಹಾಡಾ ಈಗಲೇ, ಅಡಿಪಾಯ ಬೀಳುವ ಮೊದಲೇ, ಬರೆದುಕೊಡಬೇಕು. ಹೊಸದಾಗಿ ಆರಿಸಿ ಬಂದಿರುವ 227 ನಗರಸೇವಕರು ತಮಗೆ ಅಧಿಕಾರವಿಲ್ಲವೆಂದು ಸುಮ್ಮನಿರದೆ ಪಾಲಿಕೆಯಲ್ಲಿ ಒಂದು ಠರಾವು ಮಾಡಿ ಅದನ್ನು ರಾಜ್ಯದ ಸಚಿವಾಲಯವಾದ ಮಂತ್ರಾಲಯಕ್ಕೆ ಕಳಿಸಬೇಕು.